ಗೆರೆ ಬಾಗಿದ ಅಂಗಳ

ಜಾಗ ಸಾಲದು, ಏನಾದರೂ ಅಳಿಸು ಎಂದು ನನ್ನ ಫೋನು ವಾರಕ್ಕೊಮ್ಮೆ ಗೋಳಿಡುತ್ತದೆ. ನಾನು ತಂಗಿಯ ಮದುವೆಯ ವಿಡಿಯೋ ಅಳಿಸಿದ್ದೇನೆ, ನನ್ನದೇ ಸೀಮಂತದ ಫೋಟೋಗಳನ್ನೂ ಅಳಿಸಿದ್ದೇನೆ. ಆದರೆ ಡ್ರೋನ್ ಹಾರಿಸುವ ಆ್ಯಪಿನಲ್ಲಿ ‘ಢೇಕಳವಾಡಿ, ನಾಲ್ಕು’ ಎಂಬ ಒಂದು ಹಾರಾಟ ಉಳಿದಿದೆ. ಎರಡು ನಿಮಿಷದ್ದು, ಹನ್ನೊಂದೇ ಚಿತ್ರ. ಅದನ್ನು ಮಾತ್ರ ಮುಟ್ಟಿಲ್ಲ. ಆ ಚಿತ್ರಗಳಿಗೆ ನಾನು ಋಣಿ, ಅವುಗಳಲ್ಲಿರುವ ಜನಕ್ಕೆ ಇನ್ನೂ ಹೆಚ್ಚು ಋಣಿ. ಯಾಕೆಂದು ಹೇಳಬೇಕಾದರೆ ನನ್ನ ನಾಲಿಗೆಯ ಕಥೆಯನ್ನೂ ಹೇಳಬೇಕಾಗುತ್ತದೆ. ಅದು ಅಷ್ಟೇನೂ ಹೆಮ್ಮೆಯ ಸಂಗತಿಯಲ್ಲ.

ನಮ್ಮ ಕೆಲಸ ಊರೊಳಗಿನ ಮನೆಗಳನ್ನು ಅಳೆಯುವುದು. ಹೊಲಗಳಿಗೆ ಮುತ್ತಾತನ ಕಾಲದಿಂದಲೂ ನಕಾಶೆ ಇದೆ. ಮನೆಗೆ, ಅಂಗಳಕ್ಕೆ, ಹಿತ್ತಿಲಿಗೆ ಇರಲಿಲ್ಲ. ಅಜ್ಜ ಕೈ ತೋರಿಸಿದ್ದೇ ಗಡಿ. ಈಗ ಮೊದಲ ದಿನ ಪಂಚರ ಎದುರು ಅಕ್ಕಪಕ್ಕದವರಿಬ್ಬರೂ ಒಪ್ಪಿ ತಮ್ಮ ಗಡಿಯ ಮೇಲೆ ಸುಣ್ಣದ ಪುಡಿಯ ಗೆರೆ ಎಳೆಸುತ್ತಾರೆ. ಮರುದಿನ ನಾನು ಡ್ರೋನ್ ಹಾರಿಸುತ್ತೇನೆ. ಮೇಲಿನಿಂದ ಗೆರೆ ಎಲ್ಲಿ ಕಂಡಿತೋ ನಕಾಶೆಯಲ್ಲಿ ಗಡಿ ಅಲ್ಲಿಯೇ. ಗೆರೆ ಕಾಣದಿದ್ದರೆ ಎರಡೂ ಮನೆಗಳನ್ನು ಸೇರಿಸಿ ‘ತಂಟೆಯಲ್ಲಿದೆ’ ಎಂದು ಬರೆದುಬಿಡಬೇಕು. ಆಮೇಲೆ ವಿಚಾರಣೆ, ಸಾಕ್ಷಿ, ಮತ್ತೆ ವಿಚಾರಣೆ. ವರ್ಷಗಳು ಬೇಕು.

ನನ್ನ ಜೊತೆಗೆ ತಾತ್ಯಾ ಇರುತ್ತಾರೆ. ಮೂವತ್ತೊಂದು ವರ್ಷ ಸರಪಳಿ ಎಳೆದು ಹೊಲ ಅಳೆದ ಆಳು. ನಿವೃತ್ತಿಗೆ ಒಂದು ವರ್ಷ ಇರುವಾಗ ಅವರನ್ನು ನನ್ನ ಜೀಪಿಗೆ ಹತ್ತಿಸಿದ್ದಾರೆ. ನಾನು ಫೋನಿನ ಮೇಲೆ ಬೆರಳಿನಿಂದ ಊರಿನ ಸುತ್ತ ಗೆರೆ ಎಳೆದು, ಇಷ್ಟು ಎತ್ತರ, ಒಂದು ಚಿತ್ರದ ಮೇಲೆ ಇನ್ನೊಂದು ಇಷ್ಟು ಕೂಡಬೇಕು ಎಂದು ಹೇಳಿದರೆ ಸಾಕು, ಆ್ಯಪು ಹೊಲ ಉತ್ತಂತೆ ಅತ್ತಿಂದಿತ್ತ ಸಾಲು ಹಾಕಿ ತೋರಿಸುತ್ತದೆ. ಎಷ್ಟು ಚಿತ್ರ, ಎಷ್ಟು ನಿಮಿಷ, ಎಷ್ಟು ಬ್ಯಾಟರಿ, ಎಲ್ಲವನ್ನೂ ಅದೇ ಲೆಕ್ಕ ಹಾಕುತ್ತದೆ. ತಾತ್ಯಾ ಅದನ್ನು ಕನ್ನಡಕದ ಮೇಲಿನಿಂದ ನೋಡಿ ಒಮ್ಮೆ ಹೇಳಿದ್ದರು.

"ಉಜ್ವಲಾ ಮ್ಯಾಡಂ, ನಾ ಸರಪಳಿ ಎಳದ್ರ ಬೆನ್ನ ಹಿಡೀತಿತ್ತು. ನೀವು ಬೆರಳ ಎಳೀತೀರಿ, ಊರ ಅಳತಿ ಮುಗೀತೈತಿ. ಪಗಾರ ಮಾತ್ರ ನಿಮಗ ಹೆಚ್ಚ."

"ಬೆರಳೂ ನೋಯತೈತಿ ತಾತ್ಯಾ."

"ಆತು ಬಿಡ್ರಿ, ಸಂಜೀಕ ಎಣ್ಣಿ ಹಚ್ಚೋಣಂತ."

ಢೇಕಳವಾಡಿಗೆ ನಾವು ಹೋದದ್ದು ಸಂಕ್ರಾಂತಿ ಕಳೆದ ವಾರ. ನೂರಾ ಎಂಬತ್ತು ಮನೆಗಳ ಊರು. ನೂರಾ ಎಪ್ಪತ್ತೆಂಟು ಮನೆಗಳ ಗೆರೆ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಉಳಿದೆರಡಕ್ಕೆ ಮೂರು ಗಂಟೆ ಹಿಡಿಯಿತು. ಒಂದು ಹೌಸಾಬಾಯಿಯದು, ಇನ್ನೊಂದು ಆಕೆಯ ಮೈದುನನ ಮಗ ಸರ್ಜೇರಾವನದು.

ಹೌಸಾಬಾಯಿಗೆ ಎಪ್ಪತ್ತೊಂದು ವರ್ಷ. ಗಂಡ ಸತ್ತು ಬಹಳ ವರ್ಷಗಳಾಗಿದ್ದವು. ಇದ್ದೊಬ್ಬ ಮಗಳು ಪುಣೆಯ ಕಡೆ ಸೊಸೆಯಾಗಿ ಹೋಗಿದ್ದಳು. ಆಕೆಯದು ಎರಡು ಕೋಣೆಯ ಮನೆ, ಮುಂದೆ ಕಿರಿದಾದ ಅಂಗಳ. ಮನೆಯಿಂದ ಬೀದಿಗೆ ಬರಬೇಕಾದರೆ ಆ ಅಂಗಳವೊಂದೇ ದಾರಿ. ಪಕ್ಕದ ದೊಡ್ಡ ಅಂಗಳ ಸರ್ಜೇರಾವನದು. ಎರಡರ ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ, ಹತ್ತೊಂಬತ್ತು ವರ್ಷಗಳಿಂದ ಮಾತೂ ಇಲ್ಲ. ಸರ್ಜೇರಾವನ ಬಚ್ಚಲ ನೀರು ಮೊದಲು ಈಕೆಯ ಅಂಗಳದ ಮೂಲೆ ಹಾಯ್ದು ಬೀದಿಯ ಗಟಾರಕ್ಕೆ ಹೋಗುತ್ತಿತ್ತಂತೆ. ಯಾವುದೋ ದೀಪಾವಳಿಯ ಹಿಂದಿನ ದಿನ ನೀರು ಉಕ್ಕಿ ಈಕೆಯ ಹೊಸ್ತಿಲಿಗೆ ಬಂತು. ಈಕೆ ಬೈದಳು, ಅವನು ತಿರುಗಿ ಬೈದ. ಮರುದಿನ ಈಕೆ ಒಂದು ಕರಿಕಲ್ಲನ್ನು ಉರುಳಿಸಿ ಆ ಹಾದಿಗೆ ಅಡ್ಡ ಇಟ್ಟುಬಿಟ್ಟಳು. ಅವನು ಮನೆಯ ಹಿಂದಿನಿಂದ ಸುತ್ತು ಹಾಕಿ ಬೇರೆ ಗಟಾರ ತೋಡಿಕೊಂಡ. ಕಲ್ಲು ಅಲ್ಲಿಯೇ ಉಳಿಯಿತು.

ಆ ದಿನ ಪಂಚರು ಕೇಳಿದ್ದಕ್ಕೆಲ್ಲ ಇಬ್ಬರೂ ಪಂಚರಿಗೇ ಉತ್ತರ ಕೊಟ್ಟರು. ‘ಅವನಿಗೆ ಹೇಳ್ರಿ’, ‘ಅಕಿಗೆ ಕೇಳ್ರಿ.’ ಸರ್ಜೇರಾವ ಎರಡು ಮೊಳ ತನ್ನದೆಂದ. ಹಾಗಾದರೆ ಹೌಸಾಬಾಯಿ ತನ್ನ ಬಾಗಿಲಿನಿಂದ ಹೊರಬರಲು ಅವನ ನೆಲ ತುಳಿಯಬೇಕಾಗುತ್ತಿತ್ತು. ಕೊನೆಗೆ ತಾತ್ಯಾ ಹಗ್ಗ ಹಿಡಿದು, ಅವನ ಜಗಲಿಯ ಮೂರನೆಯ ಚಪ್ಪಡಿಯಿಂದ ಬೀದಿಯ ಕರೆಂಟು ಕಂಬದವರೆಗೆ ನೇರ ಗೆರೆ ಎಂದು ತೀರ್ಮಾನ ಮಾಡಿಸಿದರು. ಹೌಸಾಬಾಯಿಗೆ ದಾರಿ ಉಳಿಯಿತು. ಸರ್ಜೇರಾವ ಮುಖ ಗಂಟು ಹಾಕಿಕೊಂಡು ಒಪ್ಪಿದ, ಅಂಗೈಯಲ್ಲಿದ್ದ ಸುಣ್ಣ ಕೊಡವಿ ಒಳಗೆ ಹೋದ.

"ಇವತ್ತ ಒಪ್ಪ್ಯಾನ, ನಾಳಿ ಮುಂಬಯಿಯಿಂದ ಅವನ ತಮ್ಮನ ಫೋನ ಬಂದ್ರ ಹ್ಯಾಂಗೋ ಏನೋ," ಎಂದರು ಒಬ್ಬ ಪಂಚರು. "ಲಗೂನ ಹಾರಿಸಿಬಿಡ್ರಿ ಮ್ಯಾಡಂ."

ಹೋಗುವಾಗ ಹೌಸಾಬಾಯಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಹುಡುಕಿ ಎಂದೆ ನೋಡಿ, ಆಗ ಅದು ನನ್ನ ತಲೆಗೆ ಹೋಗಲಿಲ್ಲ.

"ನಾ ಸತ್ತ ಮ್ಯಾಲ ಏನರೆ ಆಗಲಿ ಪೋರಿ. ಇರೂತನಕ ನನ್ನ ಬಾಗಲದಿಂದ ನನ್ನ ಕಾಲ ಮ್ಯಾಲ ನಾ ಹೊರಗ ಬರೂಹಂಗ ಆಗಲಿ. ಇನ್ನೊಬ್ಬರನ್ನ ಕೇಳಿ ಹೊರಗ ಬರೂದು ಬ್ಯಾಡ."

"ನಾಳೆ ಹತ್ತಕ್ಕ ನಿಮ್ಮ ಗೆರಿ ಫೋಟೋದಾಗ ಇರತೈತಿ ಆಜಿ," ಎಂದೆ. ಮಾತು ಕೊಡುವುದು ನನಗೆ ಸುಲಭ.

ಊರಿನ ಕೋತವಾಲ ಭಿಕಾಜಿ ಸಂಜೆ ಡಂಗುರ ಸಾರಲು ಹೊರಟ. ಅವನಿಗೆ ಏನು ಹೇಳಬೇಕೆಂದು ನಾನೇ ಬಾಯಿಪಾಠ ಮಾಡಿಸಿದೆ. ನಾಳೆ ಒಂಬತ್ತಕ್ಕೆ ವಿಮಾನ ಬರುತ್ತದೆ, ದನ ಕಟ್ಟಿರಿ, ಹಾಸಿದ ಕಾಳುಕಡಿ ತೆಗೆಯಿರಿ, ಸುಣ್ಣ ಅಳಿಸಬೇಡಿರಿ, ಅಂಗಳ ಸ್ವಚ್ಛ ಇಡಿರಿ. ಎಲೆ, ಹುಲ್ಲು, ಹೊರಸು ಬಿದ್ದಿದ್ದರೆ ಗೆರೆ ಮುಚ್ಚಿಹೋಗುತ್ತದೆ ಎಂಬುದಷ್ಟೇ ನನ್ನ ಚಿಂತೆ. ಭಿಕಾಜಿ ಹಲಗೆ ಬಾರಿಸಿಕೊಂಡು ಹೋಗುತ್ತಾ ತನ್ನದೂ ಒಂದೆರಡು ಸೇರಿಸಿದ.

"ಮ್ಯಾಲಿಂದ ಎಲ್ಲಾರ ಮನೀ ಫೋಟೋ ತಗೀತಾರ್ರೀ... ಆ ಫೋಟೋ ಮೊಮ್ಮಕ್ಕಳ ಕಾಲದತನಕ ಇರತೈತ್ರೀ... ಅಂಗಳ ಸ್ವಚ್ಛ ಇಡ್ರೀ..."

ಚೆನ್ನಾಗಿ ಹೇಳಿದ ಎಂದು ನಾನು ಅವನಿಗೆ ಚಹಾ ಕುಡಿಸಿದೆ.

ನಾನೂ ಹಳ್ಳಿಯಲ್ಲಿ ಹುಟ್ಟಿದವಳೇ. ನಮ್ಮ ಕಡೆ ಸ್ವಚ್ಛ ಅಂಗಳವೆಂದರೆ ಗುಡಿಸಿದ ಅಂಗಳವಲ್ಲ, ಸೆಗಣಿಯಿಂದ ಸಾರಿಸಿ ರಂಗೋಲಿ ಹಾಕಿದ ಅಂಗಳ. ಸಾರಿಸದ ಅಂಗಳವೆಂದರೆ ಸೂತಕದ ಮನೆ. ನನ್ನ ತಾಯಿ ಜ್ವರವಿದ್ದಾಗಲೂ ಎದ್ದು ಅಂಗಳ ಸಾರಿಸುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದವಳಿಗೆ ಆ ಸಂಜೆ ಒಂದು ಮಾತು ಹೊಳೆಯಲಿಲ್ಲ. ಫೋನು ಹಿಡಿದು ಹಿಡಿದು ನೆಲವನ್ನು ಮರೆತಿದ್ದೆ ಅಂತ ಕಾಣುತ್ತದೆ.

ಬೆಳಿಗ್ಗೆ ಮಂಜು ಕರಗಿದ ಮೇಲೆ ಶಾಲೆಯ ಬಯಲಿನಿಂದ ಡ್ರೋನ್ ಎಬ್ಬಿಸಿದೆ. ಹೊಟ್ಟೆಯಲ್ಲಿ ಪೋಹೆ, ಕೈಯಲ್ಲಿ ಫೋನು, ತಲೆಯ ಮೇಲೆ ಸೂರ್ಯ. ಮೂರು ಬ್ಯಾಟರಿಗೆ ಮೂರು ಹಾರಾಟ. ಆಕಾಶಕ್ಕೆ ಸಿಕ್ಕ ಅನುಮತಿ ಹನ್ನೆರಡರವರೆಗೆ, ಆದರೆ ಹನ್ನೊಂದಕ್ಕೆ ಆ ಬಯಲಿನಲ್ಲಿ ಗಾಳಿ ಏಳುತ್ತದೆಂದು ಊರವರು ಹೇಳಿದ್ದರು. ಮರುದಿನ ನಾವು ಇನ್ನೊಂದು ಊರಿಗೆ ಹೋಗಬೇಕು. ಮೊದಲೆರಡು ಹಾರಾಟ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿದವು. ಊರ ಹೆಂಗಸರೆಲ್ಲ ಅಂಗಳ ಸಾರಿಸಿದ್ದರು, ಆದರೆ ಜಾಣೆಯರು, ಸುಣ್ಣದ ಗೆರೆಯನ್ನು ಬಿಟ್ಟು ಎರಡೂ ಬದಿ ಸಾರಿಸಿದ್ದರು. ಹಸಿರು ನೆಲದ ಮೇಲೆ ಬಿಳಿ ಗೆರೆ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

"ನೋಡ್ರಿ ತಾತ್ಯಾ, ನಾ ಹೇಳಿದ್ದ ಹ್ಯಾಂಗ ಕೆಲಸಕ್ಕ ಬಂತು," ಎಂದೆ.

"ನೀವು ಸಾರಸಂತ ಎಲ್ಲಿ ಹೇಳಿದ್ರಿ?"

"ಅದ ಆತಲ್ಲ."

ಮೂರನೆಯ ಹಾರಾಟದಲ್ಲಿ ಹೌಸಾಬಾಯಿಯ ಓಣಿ ಬಂತು. ಫೋನಿನಲ್ಲಿ ಆ ಅಂಗಳದ ಮೇಲೆ ಕಣ್ಣಿಟ್ಟೇ ಇದ್ದೆ. ಗೆರೆ ಇರಲಿಲ್ಲ. ಗೆರೆ ಇರಬೇಕಾದ ಕಡೆ ದೊಡ್ಡದೊಂದು ಬಿಳಿ ಹೂವು ಕಂಡಿತು. ಫೋನಿನ ಗಾಜಿಗೆ ಏನೋ ಅಂಟಿದೆ ಎಂದುಕೊಂಡು ಸೆರಗಿನಿಂದ ಒರೆಸಿದೆ. ಹೂವು ಹೋಗಲಿಲ್ಲ.

ಡ್ರೋನ್ ಇಳಿಯುವವರೆಗೆ ಹೇಗೆ ನಿಂತಿದ್ದೆನೋ. ಇಳಿದ ತಕ್ಷಣ ಅದನ್ನು ತಾತ್ಯಾರ ಕೈಗೆ ಕೊಟ್ಟು ಓಡಿದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಗಂಡ ಹೇಳುತ್ತಾನೆ. ಆ ದಿನ ಅದು ಮೂಗಿನಿಂದ ಇಳಿದು ಓಣಿಯೆಲ್ಲ ತುಂಬಿತು.

ಹೌಸಾಬಾಯಿ ಹೊಸ್ತಿಲ ಮೇಲೆ ಕೂತಿದ್ದಳು. ಮಡಿ ಸೀರೆ ಉಟ್ಟಿದ್ದಳು, ಕೈಗೆ ಇನ್ನೂ ಸೆಗಣಿಯ ವಾಸನೆ. ಅಂಗಳ ಕನ್ನಡಿಯಂತೆ ಸಾರಿಸಿತ್ತು. ನಟ್ಟನಡುವೆ ಎರಡು ಮೊಳ ಅಗಲದ ರಂಗೋಲಿ. ಅರ್ಧ ಆಕೆಯ ಕಡೆ, ಅರ್ಧ ಗಡಿ ದಾಟಿ ಸರ್ಜೇರಾವನ ಕಡೆ.

"ಆಜಿ, ಏನ ಮಾಡಿಟ್ಟೀರಿ ಇದು? ಸುಣ್ಣ ಅಳಸಬ್ಯಾಡ್ರಿ ಅಂತ ಡಂಗುರ ಸಾರಿಸಿದ್ದಿಲ್ಲೇನ?"

"ನಾ ಎಲ್ಲಿ ಅಳಿಸೀನಿ ಪೋರಿ? ಅಂಗಳ ಸಾರಿಸೀನಿ. ಮೊಮ್ಮಕ್ಕಳ ಕಾಲದತನಕ ಇರೂ ಫೋಟೋ ಅಂದ್ರು. ಅದರಾಗ ನನ್ನ ಮನಿ ಸೂತಕದ ಮನಿಹಂಗ ಕಾಣಬೇಕೇನ? ಮ್ಯಾಲಿಂದ ಕಾಣಲಿ ಅಂತ ರಂಗೋಲಿ ಸೈತ ದೊಡ್ಡದ ಹಾಕೀನಿ."

"ಗೆರಿ ಎಲ್ಲೈತಿ ಹಂಗಾದ್ರ? ಓಣಿ ಹೆಂಗಸರೆಲ್ಲ ಗೆರಿ ಬಿಟ್ಟ ಸಾರಿಸ್ಯಾರ. ನಿಮಗ ಒಬ್ಬರಿಗೇ ಕಣ್ಣ ಕಾಣೂದಿಲ್ಲೇನ?"

"ಇಲ್ಲವಾ," ಎಂದಳು ಹೌಸಾಬಾಯಿ. "ಕಾಣೂದಿಲ್ಲ."

ಅಳುತ್ತಾ ಹೇಳಲಿಲ್ಲ, ಸಿಟ್ಟಾಗಿ ಹೇಳಲಿಲ್ಲ. ಮನೆಯಲ್ಲಿ ಸಕ್ಕರೆ ಇಲ್ಲ ಎನ್ನುವಂತೆ ಹೇಳಿದಳು. ಆಗ ನಾನು ಆ ಕಣ್ಣುಗಳನ್ನು ನೋಡಿದೆ. ಎರಡರಲ್ಲೂ ಬೂದಿ ಬಣ್ಣದ ಪೊರೆ. ಐವತ್ತೈದು ವರ್ಷ ಅದೇ ಅಂಗಳ ಸಾರಿಸಿ, ಅದೇ ರಂಗೋಲಿ ಹಾಕಿದ ಕೈಗೆ ಕಣ್ಣು ಬೇಕಿರಲಿಲ್ಲ. ನಿನ್ನೆ ಎಳೆದ ಗೆರೆ ಮಾತ್ರ ಆ ಕೈಗೆ ಹೊಸದು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ಓಣಿಯ ಜನ ಸೇರಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ನೆಲ ನೋಡುತ್ತಿದ್ದರು. ಹೌಸಾಬಾಯಿ ಕೆಳಗಿಳಿದು ಮಂಡಿಯೂರಿ ನೆಲವನ್ನು ಬೆರಳಿನಿಂದ ತಡವತೊಡಗಿದಳು, ಸೆಗಣಿಯ ಕೆಳಗೆ ಎಲ್ಲಾದರೂ ಸುಣ್ಣದ ತರಿ ಸಿಗುತ್ತದೇನೋ ಎಂದು. ಭೂಮಿ ಬಾಯ್ಬಿಡಬಾರದೆ ಎನ್ನಿಸಿತು ನನಗೆ.

ತಾತ್ಯಾ ಡ್ರೋನ್ ಹೊತ್ತುಕೊಂಡು ಬಂದರು. ನೋಡಿದರು.

"ಪಂಚರನ್ನ ಕರೀರಿ," ಎಂದೆ.

"ಪಂಚರು ಎಲ್ಲಿ ಅದಾರ? ಇಬ್ಬರು ಲಗ್ನಕ್ಕ ಹೋಗ್ಯಾರ, ಒಬ್ಬಾಂವ ಫಲಟಣ ಬಸ್ ಹತ್ತ್ಯಾನ. ಬ್ಯಾಟರಿ ಎಷ್ಟ ಐತಿ?"

ಮೂರನೆಯದರಲ್ಲಿ ಶೇಕಡಾ ಮೂವತ್ತೆರಡು ಉಳಿದಿತ್ತು. ಉಳಿದೆರಡೂ ಖಾಲಿ. ಚಾರ್ಜಿಗೆ ಹಾಕೋಣವೆಂದರೆ ಹತ್ತಕ್ಕೇ ಕರೆಂಟು ಹೋಗಿತ್ತು. ಗಂಟೆ ಹತ್ತೂಮುಕ್ಕಾಲು.

ಆಗ ಸರ್ಜೇರಾವ ತನ್ನ ಜಗಲಿಯ ಮೇಲೆ ಬಂದು ನಿಂತ. ದಪ್ಪ ಆಳು, ತಲೆಗೆ ಬಿಳಿ ಟೋಪಿ, ಕೈಯಲ್ಲಿ ಹಲ್ಲು ತಿಕ್ಕುವ ಮಶೇರಿಯ ಡಬ್ಬಿ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಂಗಳವನ್ನೊಮ್ಮೆ, ನೆಲ ತಡವುತ್ತಿದ್ದ ಮುದುಕಿಯನ್ನೊಮ್ಮೆ ನೋಡಿ ಒಳಗೆ ಹೋದ. ಮುಗಿಯಿತು ಎಂದುಕೊಂಡೆ. ಗೆರೆ ತಾನಾಗಿಯೇ ಅಳಿಸಿದೆ, ಅವನು ಬೆರಳು ಕೂಡ ಎತ್ತಬೇಕಾಗಿಲ್ಲ. ಸುಮ್ಮನೆ ಒಳಗೆ ಕೂತರೆ ಸಾಕು, ಎರಡು ಮೊಳದ ಆಸೆ ಮತ್ತೆ ಜೀವ ಹಿಡಿಯುತ್ತದೆ. ವಿಚಾರಣೆ ಮುಗಿಯುವವರೆಗೆ ಎಪ್ಪತ್ತೊಂದರ ಹೆಂಗಸು ಇರಬೇಕಲ್ಲ.

ಅವನು ಹೊರಗೆ ಬಂದಾಗ ತಲೆಯ ಮೇಲೆ ಕಬ್ಬಿಣದ ಪುಟ್ಟಿಯಿತ್ತು. ನಿನ್ನೆ ಉಳಿದ ಸುಣ್ಣ.

ಮೂರನೆಯ ಚಪ್ಪಡಿಯ ಹತ್ತಿರ ಪುಟ್ಟಿ ಇಳಿಸಿ, ಹಿಡಿ ತುಂಬ ಸುಣ್ಣ ತೆಗೆದುಕೊಂಡು ಕೂತ. ತಾತ್ಯಾ ಮುಂದೆ ಹೋದರು.

"ಸರ್ಜೇರಾವ, ಪಂಚರಿಲ್ಲದ ಗೆರಿ ಎಳೀಬ್ಯಾಡ. ನಾಳಿ ಮಾತ ಬರತೈತಿ."

"ಪಂಚರು ನಿನ್ನಿ ಇದ್ರಲ್ಲ ತಾತ್ಯಾ. ಗೆರಿ ಅಳಿಸೇತಿ, ನಾ ಆಡಿದ್ದ ಮಾತೇನ ಅಳಿಸಿಲ್ಲ. ಹಗ್ಗ ಐತೇನು?"

"ಜೀಪಿನ್ಯಾಗ ಐತಿ."

"ಇರಲಿ ಬಿಡ್ರಿ. ನೀವು ಕಂಬದ ಹಂತ್ಯಾಕ ನಿಂದರ್ರಿ, ನಾ ನಿಮ್ಮನ್ನ ನೋಡಿ ಬರತೀನಿ."

ತಾತ್ಯಾ ಕಂಬಕ್ಕೆ ಬೆನ್ನು ಹಚ್ಚಿ ನಿಂತರು. ಸರ್ಜೇರಾವ ಕುಕ್ಕರಗಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತಾ, ಬೆರಳ ಸಂದಿಯಿಂದ ಸುಣ್ಣ ಬಿಡುತ್ತಾ ಬಂದ. ಎರಡೆರಡು ಮೊಳಕ್ಕೊಮ್ಮೆ ತಲೆ ತಿರುಗಿಸಿ ಕಂಬ ನೋಡುತ್ತಿದ್ದ. ಗೆರೆ ನಿನ್ನೆಯದೇ ಜಾಗದಲ್ಲಿ ಬರುತ್ತಿತ್ತು. ಒಂದು ಬೆರಳು ಆಚೆ ಇಲ್ಲ, ಈಚೆ ಇಲ್ಲ.

ಅವನ ಹಿಮ್ಮಡಿ ರಂಗೋಲಿಯ ಹತ್ತಿರ ಬಂದು ನಿಂತಿತು.

ತಿರುಗಿ ನೋಡಿದ. ಎಸಳುಗಳ ದೊಡ್ಡ ಹೂವು, ಅವನ ಗಡಿಯೊಳಗೆ ಒಂದು ಮೊಳ ಬಂದಿತ್ತು. ನಡುವೆ ಕುಂಕುಮದ ಚಿಟಿಕೆ. ನೇರ ಗೆರೆ ಎಳೆಯಬೇಕಾದರೆ ಅದನ್ನು ಸೀಳಿಕೊಂಡೇ ಹೋಗಬೇಕು. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಲಾವತಿ ತಡೆಯಲಾರದೆ ಹೇಳಿದಳು.

"ಒರಸಿ ಮುಂದ ಎಳೀರಿ. ಎರಡ ಚಿಟಿಗಿ ಪುಡಿ ಅದು."

"ನೀ ಬಂದ ಒರಸ್ತೀಯೇನ?"

ಕಲಾವತಿ ಹೊಸ್ತಿಲು ದಾಟಲಿಲ್ಲ. ಬೆಳಿಗ್ಗೆ ಹಾಕಿದ ರಂಗೋಲಿಯನ್ನು, ಅದೂ ಮನೆಯ ಹಿರಿಯಳು ಹಾಕಿದ್ದನ್ನು, ಹೊತ್ತು ಇಳಿಯುವ ಮೊದಲು ಕಾಲಿನಿಂದ ಅಳಿಸುವ ಹೆಂಗಸು ಆ ಓಣಿಯಲ್ಲಿರಲಿಲ್ಲ. ನಮ್ಮ ಓಣಿಯಲ್ಲೂ ಇಲ್ಲ.

"ಏನಾತು? ಯಾಕ ನಿಂತ್ರಿ?" ಎಂದು ಹೌಸಾಬಾಯಿ ಕೇಳಿದಳು. ತನ್ನ ರಂಗೋಲಿ ಎಷ್ಟು ದೂರ ಹೋಗಿದೆ ಎಂಬುದು ಆಕೆಗೆ ಗೊತ್ತೇ ಇರಲಿಲ್ಲ. ನಾನು ಬಾಯಿ ತೆರೆದೆ. ಸರ್ಜೇರಾವ ಸುಣ್ಣದ ಕೈ ಎತ್ತಿ ತುಟಿಯ ಮೇಲೆ ಬೆರಳಿಟ್ಟ, ನನ್ನ ಕಡೆ, ಆಮೇಲೆ ಹೆಂಡತಿಯ ಕಡೆ, ಆಮೇಲೆ ಇಡೀ ಓಣಿಯ ಕಡೆ. ಅವನ ಮೀಸೆಗೆ ಸುಣ್ಣ ಅಂಟಿತು.

"ಏನಿಲ್ಲ ಆಜಿ," ಎಂದರು ತಾತ್ಯಾ ಕಂಬದ ಹತ್ತಿರದಿಂದ. "ಸುಣ್ಣ ತುಂಬಿಕೊಳ್ಳಾಕತ್ತಾನ."

ಸರ್ಜೇರಾವ ರಂಗೋಲಿಯ ಎಸಳುಗಳಿಂದ ಒಂದು ಗೇಣು ಬಿಟ್ಟು, ಅದನ್ನು ಬಳಸಿಕೊಂಡು, ತನ್ನ ಅಂಗಳದೊಳಗೆ ಅರ್ಧ ಚಂದ್ರದಂತೆ ಗೆರೆ ತಿರುಗಿಸಿದ. ದಾಟಿದ ಮೇಲೆ ಮತ್ತೆ ಕಂಬ ನೋಡಿ ನೇರ ಹಿಡಿದ. ಎದ್ದು ನಿಂತು ಸೊಂಟ ಒತ್ತಿಕೊಂಡ.

"ಡೊಂಕ ಆತಲ್ಲೋ," ಎಂದರು ತಾತ್ಯಾ ಮೆಲ್ಲಗೆ.

"ನನ್ನ ನೆಲ, ನನ್ನ ಡೊಂಕ," ಎಂದ. "ಮ್ಯಾಡಂ, ನಿಮ್ಮ ಹದ್ದು ಹಾರಸ್ತೀರೋ ಇಲ್ಲೋ? ಗಾಳಿ ಬರಾಕತ್ತೇತಿ."

ಬೀದಿಯ ನಡುವೆ ಚಾಪೆ ಹಾಸಿ ಡ್ರೋನ್ ಇಟ್ಟೆ. ಆ್ಯಪು ತೆರೆದು ಓಣಿಯ ಸುತ್ತ ಬೆರಳೆಳೆದೆ, ಬ್ಯಾಟರಿ ಸಾಲದು ಎಂದು ಕೆಂಪು ಅಕ್ಷರ ಬಂತು. ನಾಲ್ಕು ಮನೆಗೆ ಇಳಿಸಿದೆ, ಆಗಲೂ ಕೆಂಪು. ಎರಡೇ ಮನೆಗೆ ಇಳಿಸಿ, ಎತ್ತರ ಅರವತ್ತು ಮೀಟರಿಗೆ ತಂದೆ. ಸಾಲುಗಳು ಮೂರಾದವು, ಚಿತ್ರ ಹನ್ನೊಂದು, ನಿಮಿಷ ಎರಡು. ಹಸಿರು ಬಂತು. ಹೆಸರು ಕೊಡು ಎಂದಿತು. ‘ಢೇಕಳವಾಡಿ, ನಾಲ್ಕು’ ಎಂದು ಬರೆದೆ.

"ಎಲ್ಲಾರೂ ಗ್ವಾಡಿಗೆ ಹತ್ತಿ ನಿಂದರ್ರಿ. ಗೆರಿ ಮ್ಯಾಲ ಯಾರ ನೆರಳೂ ಬೀಳಬಾರದು," ಎಂದು ತಾತ್ಯಾ ಕೂಗಿದರು.

ಓಣಿ ಗೋಡೆಗೆ ಅಂಟಿಕೊಂಡಿತು. ಡ್ರೋನ್ ಎದ್ದಿತು, ಗಾಳಿಗೆ ಒಮ್ಮೆ ವಾಲಿ, ಸಾವರಿಸಿಕೊಂಡು ಮೊದಲ ಸಾಲು ಹಿಡಿಯಿತು. ಬ್ಯಾಟರಿ ಇಪ್ಪತ್ತೇಳು. ಇಪ್ಪತ್ತೈದು. ಎರಡನೆಯ ಸಾಲಿನಲ್ಲಿ ಗಾಳಿಯ ಎಚ್ಚರಿಕೆ ಪೀಪೀ ಎಂದಿತು. ನಾನು ಕೇಳಿಸಿಕೊಳ್ಳದವಳಂತೆ ನಿಂತೆ. ಹೌಸಾಬಾಯಿ ಸದ್ದು ಬಂದ ಕಡೆ ಮುಖವೆತ್ತಿ ಕೈ ಮುಗಿದಳು. ಹನ್ನೊಂದನೆಯ ಚಿತ್ರ ಬಿದ್ದಾಗ ಹತ್ತೊಂಬತ್ತು ಉಳಿದಿತ್ತು. ಇಳಿದು ಚಾಪೆಯ ಮೇಲೆ ಕೂತ ಡ್ರೋನನ್ನು ನಾನು ಎತ್ತಿಕೊಳ್ಳಲಿಲ್ಲ, ಅದರ ಪಕ್ಕದಲ್ಲೇ ಬೀದಿಯ ಧೂಳಿನಲ್ಲಿ ಕೂತುಬಿಟ್ಟೆ.

ಸರ್ಜೇರಾವನಿಗೆ ಕೈ ಮುಗಿದು, "ನಿಮ್ಮ ಉಪಕಾರ ಮರಿಯೂದಿಲ್ಲ ದಾದಾ," ಎಂದೆ.

"ನನಗ್ಯಾಕ ಹೇಳತೀರಿ? ಬೈದದ್ದ ಯಾರಿಗೆ, ಅವರಿಗೆ ಹೇಳ್ರಿ," ಎಂದು ಪುಟ್ಟಿ ಎತ್ತಿಕೊಂಡು ಹೋದ.

ಹೌಸಾಬಾಯಿಯ ಕಾಲು ಮುಟ್ಟಿದೆ. "ತಪ್ಪಾತು ಆಜಿ. ಸ್ವಚ್ಛ ಇಡ್ರಿ ಅಂತ ಹೇಳಿಸಿದಾಕಿನೂ ನಾನ, ಗೆರಿ ಮ್ಯಾಲ ಸಾರಸಬ್ಯಾಡ್ರಿ ಅಂತ ಹೇಳೂದ ಮರತಾಕಿನೂ ನಾನ. ಮ್ಯಾಲ ನಿಮಗ ಬೈದೆ."

ಆಕೆ ನನ್ನ ಗಲ್ಲ ತಡವಿದಳು. "ನೀ ಬೈದಿದ್ದ ಚಲೋ ಆತು ತಗೋ. ಕಣ್ಣ ಕಾಣೂದಿಲ್ಲೇನಂತ ಈ ಓಣಿಯಾಗ ಯಾರೂ ಕೇಳಿದ್ದಿಲ್ಲ. ಕೇಳದ ಹೇಳಾಕ ನನಗೂ ನಾಚಿಕಿ ಆಗತಿತ್ತು."

ಮುಂದಿನ ವಾರ ತಾಲೂಕಿನಲ್ಲಿ ಕಣ್ಣಿನ ಶಿಬಿರವಿತ್ತು. ತಾತ್ಯಾ ಹೆಸರು ಬರೆಸಿದರು, ನಾನು ಜೀಪು ತಂದೆ. ಒಂದು ಕಣ್ಣಿನ ಪೊರೆ ಆಗ ತೆಗೆದರು, ಇನ್ನೊಂದರದು ಹೋಳಿ ಮುಗಿದ ಮೇಲೆ.

ಜೂನ್ ತಿಂಗಳಲ್ಲಿ ಹಕ್ಕುಪತ್ರ ಹಂಚುವ ಮುನ್ನ ಪ್ರತಿ ಮನೆಯ ನಕಾಶೆಯನ್ನು ಓದಿ ಹೇಳಿ ಸಹಿ ಪಡೆಯಬೇಕಿತ್ತು. ಚಿತ್ರದಿಂದ ನಕಾಶೆ ತೆಗೆಯುವ ಹುಡುಗಿ ಆ ಬಾಗು ನೋಡಿ, ಇದು ತಪ್ಪಿರಬೇಕು, ನೇರ ಮಾಡಿಬಿಡಲೇ ಎಂದು ನನಗೆ ಫೋನ್ ಮಾಡಿದ್ದಳು. ಕೈ ಹಚ್ಚಿದರೆ ನೋಡು ಎಂದಿದ್ದೆ. ಸರ್ಜೇರಾವ ತನ್ನ ಕಾಗದವನ್ನು ಓದದೆಯೇ ಸಹಿ ಹಾಕಿದ. ಹೌಸಾಬಾಯಿ ಮಾತ್ರ ದಪ್ಪ ಗಾಜಿನ ಹೊಸ ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ನೋಡುವ ರುಚಿ ಹತ್ತಿತ್ತು ಆಕೆಗೆ.

"ಇಲ್ಲೇನ ಇದು, ಬಸುರಿ ಹೊಟ್ಟಿಹಂಗ?"

ಇನ್ನು ಮುಚ್ಚಿಡುವುದು ಆಗದು. ಸಹಿ ಹಾಕುವವರಿಗೆ ಸುಳ್ಳು ಹೇಳಬಾರದು. ಫೋನು ತೆಗೆದು ಹನ್ನೊಂದು ಚಿತ್ರಗಳಲ್ಲಿ ಒಂದನ್ನು ದೊಡ್ಡದು ಮಾಡಿ ತೋರಿಸಿದೆ. ಸಾರಿಸಿದ ಅಂಗಳ, ನಡುವೆ ಹೂವು, ಅದನ್ನು ಬಳಸಿ ಹೋದ ಗೆರೆ, ಗೋಡೆಗೆ ಅಂಟಿ ಮುಖ ಮೇಲೆತ್ತಿದ ಓಣಿ, ಕೈ ಮುಗಿದ ಹೌಸಾಬಾಯಿ. ಅಂಗಳದ ಮೂಲೆಯಲ್ಲಿ ಕರಿಕಲ್ಲು, ಚುಕ್ಕೆಯಷ್ಟು. ನಡೆದದ್ದನ್ನು ಹೇಳಿದೆ. ಆಕೆ ಬಹಳ ಹೊತ್ತು ನೋಡಿದಳು. ಮೊದಲು ತನ್ನ ರಂಗೋಲಿಯ ಎಸಳು ಎಣಿಸಿದಳು, ಎಲ್ಲ ಸರಿಯಾಗಿದ್ದವು.

"ಇಡೀ ಓಣಿಗೆ ಗೊತ್ತಿತ್ತು?"

"ಹೂಂ."

"ಐದ ತಿಂಗಳಿಂದ ಯಾರೂ ಪಿಟಕ್ ಅಂದಿಲ್ಲ. ಸಕ್ಕರಿ ಸಾಲ ತಂದದ್ದ ಸೈತ ಡಂಗುರ ಹೊಡಿಯೂ ಓಣಿ ಇದು."

ಬೆರಳು ಒತ್ತಿದಳು. ಹೆಬ್ಬೆರಳಿನ ಮಸಿ ಒರೆಸಿಕೊಳ್ಳದೆ ಎದ್ದು ಹೊರಗೆ ಹೋದಳು. ನಾನೂ ತಾತ್ಯಾನೂ ಹಿಂದೆ ಹೋದೆವು. ಗೆರೆ ಮಳೆಗೆ ಎಂದೋ ಹೋಗಿತ್ತು. ಆಕೆ ನೇರ ಆ ಕರಿಕಲ್ಲಿನ ಹತ್ತಿರ ಹೋಗಿ ಎರಡೂ ಕೈ ಹಚ್ಚಿ ನೂಕಿದಳು. ಕಲ್ಲು ಅಲುಗಾಡಲಿಲ್ಲ. ಹತ್ತೊಂಬತ್ತು ವರ್ಷ ಮಣ್ಣಿನಲ್ಲಿ ಕೂತ ಕಲ್ಲು. ತಾತ್ಯಾ ಒಂದು ಕಡೆ ಹಿಡಿದರು, ನಾನೊಂದು ಕಡೆ. ಆಗಲೂ ಆಗಲಿಲ್ಲ.

"ಸರ್ಜ್ಯಾ," ಎಂದು ಕೂಗಿದಳು ಹೌಸಾಬಾಯಿ.

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಜಗಲಿಗೆ ಬಂದ. ತನ್ನ ಹೆಸರು ಆ ಬಾಯಿಯಿಂದ ಬಂದದ್ದು ಹೌದೋ ಅಲ್ಲವೋ ಎಂಬಂತೆ ನಿಂತ.

"ನಿಂತ ಏನ ನೋಡ್ತಿ? ಹಾರಿ ತಗೊಂಡ ಬಾ. ನಿನ್ನ ಬಚ್ಚಲ ನೀರ ಈ ಕಡೆ ಬಿಡು. ನಿಮ್ಮ ಕಾಕಾ ಇದ್ದಾಗ ಇಲ್ಲಿ ಕೆಸುವಿನ ಎಲಿ ಆನಿಕಿವಿಯಷ್ಟ ಬರ್ತಿದ್ದುವು. ನೀರಿಲ್ಲದ ಒಣಗಿ ಹೋದುವು. ನೀನೂ ತಿಂತಿದ್ದಿ ವಡಿ, ಹತ್ತ ಹತ್ತ."

"ಹನ್ನೆರಡ ತಿಂತಿದ್ದೆ ಕಾಕು," ಎಂದ ಸರ್ಜೇರಾವ. ಹಾರೆ ತರುತ್ತೇನೆಂದು ಬೇಗ ಬೇಗ ಒಳಗೆ ಹೋದ.

ನಾಲ್ಕು ಜನ ಸೇರಿ ಕಲ್ಲು ಎಬ್ಬಿಸಿದೆವು. ಕೆಳಗೆ ಹಳೆಯ ಗಟಾರದ ಹಾದಿ ಹಾಗೆಯೇ ಇತ್ತು, ಒಂದು ಬೆರಳಷ್ಟೂ ಸರಿದಿರಲಿಲ್ಲ.

ಈಗ ಪ್ರತಿ ಮಳೆಗಾಲ ಫಲಟಣದ ಬಸ್ಸಿನಲ್ಲಿ ನನಗೊಂದು ಡಬ್ಬಿ ಬರುತ್ತದೆ. ಒಳಗೆ ಕೆಸುವಿನೆಲೆಯ ವಡೆ, ಹನ್ನೊಂದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತಾತ್ಯಾ ನಿವೃತ್ತರಾದ ಮೇಲೂ ಅದರಲ್ಲಿ ಅರ್ಧ ಕೇಳಲು ಬರುತ್ತಾರೆ. ಹೊಸ ಊರಿಗೆ ಹೋದಾಗ ಡಂಗುರದವನಿಗೆ ನಾನು ಮೊದಲು ಹೇಳಿಕೊಡುವ ಮಾತೆಂದರೆ ಸಾರಿಸಿರಿ, ರಂಗೋಲಿ ಹಾಕಿರಿ, ಗೆರೆ ಬಿಟ್ಟು ಹಾಕಿರಿ, ಕಣ್ಣು ಮಂಜಾದವರಿದ್ದರೆ ಮನೆಯವರು ಕೈ ಹಿಡಿದು ತೋರಿಸಿರಿ. ಹಾರಿಸುವ ಮೊದಲು ಓಣಿಗಳಲ್ಲಿ ಒಮ್ಮೆ ನಡೆದು ನೋಡುತ್ತೇನೆ, ಫೋನು ಚೀಲದಲ್ಲಿಟ್ಟು.